ಸದಾಶಿವ ಪೇಠೆಯ ಮರಾಠಿಯೂ ನಮ್ಮವರ ಪರೀಕ್ಷೆಯೂ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನಿಗೆ ಮೊದಲು ಬೇಕಾದುದು ತಲೆಯ ಮೇಲೊಂದು ಸೂರು. ಎರಡನೆಯದು ಆ ನೆಲದ ಮಾತು. ಪುಣೆಯಲ್ಲಿರುವ ನಮ್ಮ ಕನ್ನಡಿಗರು ಮೊದಲನೆಯದನ್ನು ಹೇಗಾದರೂ ದೊರಕಿಸಿಕೊಳ್ಳುತ್ತಾರೆ. ಎರಡನೆಯದರಲ್ಲಿ ಮಾತ್ರ ‘ಹೇಗೋ ನಡೆಯುತ್ತದೆ’ ಎಂಬ ತೃಪ್ತಿಯು ನಮ್ಮಲ್ಲಿ ಬೇಗನೆ ಬೇರೂರುತ್ತದೆ. ಇಂಥ ಮಾತು ಬೇರೆಡೆ ನಡೆದೀತು. ಸದಾಶಿವ ಪೇಠೆಯಲ್ಲಿ ನಡೆಯುವುದು ಕಷ್ಟ. ಮಹಾರಾಷ್ಟ್ರ ಸಾಹಿತ್ಯ ಪರಿಷತ್ತು, ಭಾರತ ಇತಿಹಾಸ ಸಂಶೋಧಕ ಮಂಡಲ ಮೊದಲಾದ ಸಂಸ್ಥೆಗಳು ನೆಲೆಸಿರುವ ಈ ಪೇಠೆಯ ಮರಾಠಿಯನ್ನು ಶುದ್ಧ ಮರಾಠಿಯೆಂದು ಜನರು ಎಣಿಸುತ್ತ ಬಂದಿದ್ದಾರೆ. ಇಲ್ಲಿಯ ಗಿರಾಕಿಯು ಚಹದ ಬೆಲೆಯನ್ನು ಪ್ರಶ್ನಿಸದಿದ್ದರೂ ಚಹದ ಲಿಂಗವನ್ನು ತಿದ್ದದೆ ಬಿಡುವುದಿಲ್ಲ!

ಎಡವುವ ಸ್ಥಳಗಳು

ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕಲಿಂಗ. ಮರಾಠಿಯಲ್ಲಿ ಜಡವಸ್ತುವಿಗೂ ಮೂರು ಲಿಂಗಗಳು. ಚಹಾ ಮುಗಿದರೆ ‘ಸಂಪಲಾ’, ಕಾಫಿ ಮುಗಿದರೆ ‘ಸಂಪಲೀ’, ಹಾಲು ಮುಗಿದರೆ ‘ಸಂಪಲಂ’. ನಮ್ಮ ಸಪ್ಲಾಯರನು ಮೂರಕ್ಕೂ ‘ಸಂಪಲಾ’ ಎಂದುಬಿಡುತ್ತಾನೆ. ಸಾಲದುದಕ್ಕೆ, ಆಡುವಾಗಿನ ‘ಸಂಪಲಂ’ ಗ್ರಾಂಥಿಕ ಬರವಣಿಗೆಯಲ್ಲಿ ‘ಸಂಪಲೇ’ ಆಗುತ್ತದೆ.

ಭೂತಕಾಲವು ಇನ್ನೂ ತೊಡಕಿನದು. ಅಲ್ಲಿ ಕ್ರಿಯಾಪದವು ಬರೆದವನನ್ನು ಬಿಟ್ಟು ಬರೆದುದನ್ನು ಅನುಸರಿಸುತ್ತದೆ: ‘ತ್ಯಾನೇ ಅರ್ಜ ಲಿಹಿಲಾ’, ‘ತ್ಯಾನೇ ಚಿಠ್ಠೀ ಲಿಹಿಲೀ’, ‘ತ್ಯಾನೇ ಪತ್ರ ಲಿಹಿಲೇ’. ನಮ್ಮ ‘ನಾವು’ ಎಂಬ ಒಂದೇ ಶಬ್ದಕ್ಕೆ ಅಲ್ಲಿ ಎರಡು: ಕೇಳುವವನೂ ಸೇರಿದರೆ ‘ಆಪಣ’, ಅವನನ್ನು ಹೊರತುಪಡಿಸಿದರೆ ‘ಆಮ್ಹೀ’.

ಆದರೆ ನಮಗಿರುವ ಅನುಕೂಲವೂ ಸಣ್ಣದಲ್ಲ. ಹಿಂದೀ ಜನರಿಗೆ ನಾಲಗೆ ಹೊರಳದ ಳಕಾರವು ನಮಗೆ ಹುಟ್ಟಿನಿಂದ ಬಂದುದು. ಅವರ ‘ತೂಪ’ ನಮ್ಮ ತುಪ್ಪ. ಅವರ ‘ಅಕ್ಕಾ’, ‘ಅಣ್ಣಾ’ ನಮ್ಮ ಮನೆಯವರೇ. ಅರ್ಜಿ, ಠರಾವು, ತಕರಾರು, ಪಗಾರ, ರಾಜೀನಾಮೆ ಎಂಬ ಕಚೇರಿಯ ಮಾತುಗಳು ಎರಡೂ ಕಡೆ ಬಳಕೆಯಲ್ಲಿವೆ. ಎಚ್ಚರಿಕೆಯೂ ಬೇಕು: ಅಲ್ಲಿ ‘ತಾಈ’ ಎಂದರೆ ತಾಯಿಯಲ್ಲ, ಅಕ್ಕ.

ಪರೀಕ್ಷೆಯ ಮಾತು

ಗಲ್ಲಾಕ್ಕೆ ಏರಬಯಸುವ ಹೋಟೆಲ್ ಹುಡುಗನಿಗೆ ಗಿರಾಕಿಯೇ ಪರೀಕ್ಷಕ. ಸರಕಾರಿ ಗುಮಾಸ್ತನಿಗಾದರೋ ಕಾಗದದ ಮೇಲಿನ ಪರೀಕ್ಷೆಯೇ ಇದೆ. 1964ರ ರಾಜಭಾಷಾ ಕಾಯದೆಯು ಮಹಾರಾಷ್ಟ್ರದಲ್ಲಿ ಮರಾಠಿಗೆ ಆಡಳಿತದ ಸ್ಥಾನವನ್ನು ಕೊಟ್ಟಿತು. 1987ರ ನಿಯಮಾವಳಿಯ ಮೇರೆಗೆ, ಮರಾಠಿಯೇತರ ನೌಕರರಿಗಾಗಿ ರಾಜ್ಯದ ಭಾಷಾ ಸಂಚಾಲನಾಲಯವು ನಿಮ್ನಸ್ತರ, ಉಚ್ಚಸ್ತರ ಎಂಬ ಪರೀಕ್ಷೆಗಳನ್ನು ನಡೆಸುತ್ತದೆ. ಗೊತ್ತುಪಡಿಸಿದ ಅವಧಿಯಲ್ಲಿ ತೇರ್ಗಡೆಯಾಗದವನ ವಾರ್ಷಿಕ ವೇತನವೃದ್ಧಿಗೆ ತಡೆ ಬೀಳುತ್ತದೆ. ಈ ನಷ್ಟವು ಅವನೊಬ್ಬನದಲ್ಲ. ಊರಿನಲ್ಲಿ ತಿಂಗಳ ಹಣಕ್ಕಾಗಿ ಕಾದಿರುವ ಮನೆಮಂದಿಯದೂ ಹೌದು.

ಇಂಥ ಪರೀಕ್ಷೆಗಳಲ್ಲಿ ಸೋಲುವವರು ಎರಡು ತೆರ. ಹತ್ತು ವರ್ಷ ಮರಾಠಿಯಲ್ಲಿ ಹರಟಿ, ಒಂದು ಟಿಪ್ಪಣಿಯನ್ನೂ ಬರೆಯಲಾರದವನೊಬ್ಬ. ವ್ಯಾಕರಣವನ್ನು ಬಾಯಿಪಾಠ ಮಾಡಿ, ಎದುರಿಗಿದ್ದವನ ಮಾತನ್ನು ಹಿಡಿಯಲಾರದವನು ಇನ್ನೊಬ್ಬ. ಪುಣೆಯಲ್ಲಿಯೂ ನಡೆಯುವ ಜಪಾನೀ ಭಾಷಾಪ್ರಾವೀಣ್ಯ ಪರೀಕ್ಷೆಯನ್ನೇ ನೋಡಿರಿ. ಅದರ ಮೊದಲ ಮೆಟ್ಟಿಲಾದ ಎನ್-5ರಲ್ಲಿ 180ಕ್ಕೆ 80 ಅಂಕಗಳು ಸಾಕು. ಆದರೆ ಆಲಿಸುವ ಭಾಗದಲ್ಲಿ 60ಕ್ಕೆ 19 ಬಾರದಿದ್ದರೆ, ಒಟ್ಟು ಅಂಕಗಳು ಎಷ್ಟಿದ್ದರೂ ಅನುತ್ತೀರ್ಣ. ಬಲವಾದ ಕಾಲೊಂದರಿಂದಲೇ ಕುಂಟುತ್ತ ಗುರಿ ಮುಟ್ಟಲಾಗದೆಂಬುದು ಇದರ ಪಾಠ.

ಕಲಿಯುವ ಬಗೆ

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತುದರ ಬಹುಭಾಗವು ಮೊದಲ ದಿನದೊಳಗೇ ಮರೆಯುತ್ತದೆಂದು 1885ರಲ್ಲಿ ಪ್ರಕಟಿಸಿದನು. ಅಮೇರಿಕದಲ್ಲಿ ರೋಡಿಗರ್, ಕಾರ್ಪಿಕಿ ಎಂಬವರು 2006ರಲ್ಲಿ ತೋರಿಸಿದುದೇನೆಂದರೆ, ಪುನಃ ಪುನಃ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನೆದುಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ. ಆದುದರಿಂದ ರವಿವಾರ ಮೂರು ತಾಸು ಓದುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಲೇಸು. ಹತ್ತು ಶಬ್ದಗಳನ್ನು ಬರೆದಿಟ್ಟು, ಮರುದಿನ, ಮೂರನೆಯ ದಿನ, ವಾರದ ಬಳಿಕ ಮುಚ್ಚಿ ನೆನೆಯಿರಿ. ಬರಿಯ ಶಬ್ದವನ್ನು ಕಲಿಯಬೇಡಿರಿ. ‘ತೋ ಚಹಾ, ತೀ ಕಾಫೀ, ತೇ ದೂಧ’ ಎಂದು ಲಿಂಗದೊಡನೆ ಕಲಿಯಿರಿ.

ಓದುವ ಅಭ್ಯಾಸಕ್ಕೆ ಹಣ ಬೇಡ. ಪುಣೆಯ ಬಾಗಿಲುಗಳ ಮೇಲಿನ ಚುಚ್ಚುಮಾತಿನ ಫಲಕಗಳು ಜಗತ್ಪ್ರಸಿದ್ಧ. ಸದಾಶಿವ ಪೇಠೆಯ ಓಣಿಗಳಲ್ಲಿ ದಿನಕ್ಕೊಂದು ಫಲಕವನ್ನು ಅರ್ಥಮಾಡಿಕೊಂಡರೆ ಭಾಷೆಯೊಡನೆ ಊರಿನ ಸ್ವಭಾವವೂ ತಿಳಿಯುತ್ತದೆ. ಬರವಣಿಗೆಗೆ ವಾರಕ್ಕೆರಡು ರಜೆ ಅರ್ಜಿಗಳನ್ನು ಬರೆದು, ಮರಾಠಿ ಗೆಳೆಯನಿಂದ ತಿದ್ದಿಸಿಕೊಳ್ಳಿರಿ. ತಿದ್ದುವ ಗಿರಾಕಿಯ ಮೇಲೆ ಮುನಿಯಬೇಡಿರಿ. ಅವನು ಸಂಬಳವಿಲ್ಲದ ಮಾಸ್ತರನು.

ಮರಾಠಿ ಕಲಿತರೆ ಕನ್ನಡ ಸೊರಗೀತೆಂದು ಅಂಜುವವರುಂಟು. ಈ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿಯೇ ಕಲಿತ ದ. ರಾ. ಬೇಂದ್ರೆಯವರು ಮರಾಠಿಯಲ್ಲಿಯೂ ಗ್ರಂಥ ಬರೆದರು. ಅದರಿಂದ ಅವರ ಕನ್ನಡವೇನೂ ಬಡವಾಗಲಿಲ್ಲ. ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು, ಬೀದಿಯಲ್ಲಿ ಮರಾಠಿಯನ್ನು ಗಳಿಸಿಕೊಂಡವನು ಯಾವ ಪೇಠೆಯಲ್ಲಿಯೂ ಪರಕೀಯನಾಗಿ ಉಳಿಯಲಾರನು.