ತೋಳಪಟ್ಟಿಯಲ್ಲಿ ಉಳಿದ ಹ್ಯಾನೋವರ್ ಸೈನ್ಯ

1815ರ ಜೂನ್ 18. ವಾಟರ್ಲೂ ರಣರಂಗದ ನಟ್ಟನಡುವೆ, ಬ್ರಸೆಲ್ಸ್ ರಸ್ತೆಗೆ ಅಂಟಿಕೊಂಡಂತೆ ಲಾ ಹೇ ಸಾಂತ್ ಎಂಬ ತೋಟದ ಮನೆ. ಸುತ್ತಲೂ ಗೋಡೆ, ಒಂದು ಮಗ್ಗುಲಿಗೆ ಹಣ್ಣಿನ ತೋಟ, ಒಳಗೆ ಅಂಗಳ, ಕಣಜ, ಸಣ್ಣದೊಂದು ಹೊಂಡ. ಹಿಂದಿನ ರಾತ್ರಿ ಮಳೆಯಲ್ಲಿ ನೆನೆದು ನಡುಗುತ್ತಿದ್ದ ಸೈನಿಕರು ಚಳಿ ಕಾಯಿಸಲು ಕಣಜದ ದೊಡ್ಡ ಬಾಗಿಲನ್ನೇ ಸೀಳಿ ಉರಿಹಾಕಿದ್ದರು. ಹಗಲಿನಲ್ಲಿ ಫ್ರೆಂಚರು ಮತ್ತೆ ಮತ್ತೆ ನುಗ್ಗಿದ್ದು ಆ ಬಾಗಿಲಿಲ್ಲದ ಬಾಯಿಗೇ. ಅಲ್ಲಿ ಬಿದ್ದವರ ಹೆಣಗಳೇ ಹಿಂದಿನಿಂದ ಬರುವವರಿಗೆ ಮರೆಯಾದವು.

ಒಳಗಿದ್ದವರು ಮೇಜರ್ ಗೇಯೋರ್ಗ್ ಬಾರಿಂಗ್ ಕೈಕೆಳಗಿನ ಸುಮಾರು 400 ಜರ್ಮನ್ನರು. ಹಸಿರು ಅಂಗಿ, ಕೈಯಲ್ಲಿ ಬೇಕರ್ ರೈಫಲ್. 1803ರಲ್ಲಿ ಫ್ರೆಂಚರು ಜರ್ಮನ್ ರಾಜ್ಯವಾದ ಹ್ಯಾನೋವರನ್ನು ಆಕ್ರಮಿಸಿ ಅದರ ಸೈನ್ಯವನ್ನು ವಿಸರ್ಜಿಸಿದಾಗ, ಸಾವಿರಾರು ಸೈನಿಕರು ಸಮುದ್ರ ದಾಟಿ ಇಂಗ್ಲೆಂಡ್ ಸೇರಿದರು. ಅವರಿಂದಲೇ ಕಟ್ಟಿದ ದಂಡು ‘ಕಿಂಗ್ಸ್ ಜರ್ಮನ್ ಲೀಜನ್’; ಬಾರಿಂಗ್‌ನ ಪಡೆ ಅದರದೇ. ಮಧ್ಯಾಹ್ನ ಕಣಜಕ್ಕೆ ಬೆಂಕಿ ಬಿತ್ತು. ಹೊಂಡದಲ್ಲಿ ನೀರಿತ್ತು, ಹೊರಲು ಪಾತ್ರೆಯಿರಲಿಲ್ಲ. ನೆರವಿಗೆ ಬಂದಿದ್ದ ನಸ್ಸಾವ್ ಸೈನಿಕರು ಅಡುಗೆಯ ದೊಡ್ಡ ಪಾತ್ರೆಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದರು. ಬಾರಿಂಗ್ ಒಬ್ಬನ ಬೆನ್ನಿನಿಂದ ಪಾತ್ರೆ ಕಿತ್ತು, ತಾನೇ ನೀರು ತುಂಬಿಕೊಂಡು ಬೆಂಕಿಯತ್ತ ಓಡಿದ. ಉಳಿದವರೂ ಗುಂಡಿನ ಮಳೆಯಲ್ಲೇ ಓಡಿದರು. ಬೆಂಕಿ ಆರಿತು. ಆದರೆ ಗುಂಡುಗಳು ಮುಗಿದವು. ಎಷ್ಟು ಸಲ ಹೇಳಿಕಳಿಸಿದರೂ ಹೊಸದು ಬರಲಿಲ್ಲ. ಸಂಜೆ ಮನೆ ಬಿಟ್ಟು ಹೊರಬಿದ್ದಾಗ ಬಾರಿಂಗ್ ಜೊತೆ ಉಳಿದವರು 42 ಮಂದಿ.

ಜರ್ಮನ್ನರಿಗೆ ಇಂಗ್ಲೆಂಡಿನ ರಾಜನ ಮೇಲೆ ಇಷ್ಟು ನಿಷ್ಠೆ ಏಕೆ? ಅವನು ಅವರದೇ ರಾಜ. 1714ರಿಂದ 1837ರವರೆಗೆ ಬ್ರಿಟನ್ನಿಗೂ ಹ್ಯಾನೋವರಿಗೂ ಒಬ್ಬನೇ ದೊರೆ. ಹಾಗಾಗಿಯೇ 1779ರಿಂದ 1783ರವರೆಗಿನ ಮುತ್ತಿಗೆಯಲ್ಲಿ ಬ್ರಿಟಿಷರ ಗಿಬ್ರಾಲ್ಟರ್ ಬಂಡೆಯನ್ನು ಕಾದವರಲ್ಲಿ ಮೂರು ಹ್ಯಾನೋವರ್ ರೆಜಿಮೆಂಟುಗಳಿದ್ದವು. 1782ರ ಸೆಪ್ಟೆಂಬರಿನಲ್ಲಿ ಶತ್ರುಗಳ ತೇಲುವ ಫಿರಂಗಿ ನೌಕೆಗಳ ಮೇಲೆ ಕೋಟೆಯಿಂದ ಕೆಂಪಗೆ ಕಾಯಿಸಿದ ಕಬ್ಬಿಣದ ಗುಂಡುಗಳು ಸುರಿದವು. ಹತ್ತೂ ನೌಕೆಗಳು ನಾಶವಾದವು. ಆ ಮೂರು ರೆಜಿಮೆಂಟುಗಳಿಗೆ ಸಿಕ್ಕ ಗೌರವ, ‘ಗಿಬ್ರಾಲ್ಟರ್’ ಎಂದು ಬರೆದ ತೋಳಪಟ್ಟಿ. ನಮಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ: ಅದೇ ಕಾಲದಲ್ಲಿ ಇನ್ನೆರಡು ಹ್ಯಾನೋವರ್ ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮದರಾಸಿಗೆ ಬಂದು, 1783ರ ಜೂನ್‌ನಲ್ಲಿ ಕಡಲೂರಿನಲ್ಲಿ ಕಾದಿದವು. ಎದುರಿಗಿದ್ದ ಫ್ರೆಂಚರ ಜೊತೆಗೆ ಟಿಪ್ಪುವಿನ ಮೈಸೂರು ಪಡೆಯೂ ನಿಂತಿತ್ತು.

ಮುಂದೆ ಮತ್ತೆ ಕಟ್ಟಿದ ಹ್ಯಾನೋವರ್ ಸೈನ್ಯದ ಕೊನೆ ಮಾತ್ರ ಸಂಕಟದ್ದು. 1866ರ ಜೂನ್ 27ರಂದು ಲಾಂಗೆನ್‌ಸಾಲ್ಸಾದಲ್ಲಿ ಅದು ಪ್ರಷ್ಯನ್ನರನ್ನು ಎದುರಿಸಿತು. ಹ್ಯಾನೋವರಿನ ರಾಜ ಐದನೇ ಜಾರ್ಜ್‌ಗೆ ಕಣ್ಣು ಕಾಣದು. ಆದರೂ ಸೈನ್ಯದ ಜೊತೆಗೇ ಬಂದಿದ್ದ. ಪ್ರಷ್ಯನ್ನರ ಬಳಿ ಹಿಂಬದಿಯಿಂದ ಗುಂಡು ತುಂಬುವ ಹೊಸ ಬಂದೂಕುಗಳಿದ್ದವು, ಹ್ಯಾನೋವರಿನವರದು ಹಳೆಯ ಬಂದೂಕುಗಳು. ಆದರೂ ಅಂದು ಗೆದ್ದದ್ದು ಹ್ಯಾನೋವರ್. ಗೆದ್ದು ಎರಡೇ ದಿನಕ್ಕೆ, ನಾಲ್ಕೂ ಕಡೆಯಿಂದ ಪ್ರಷ್ಯನ್ ಪಡೆಗಳು ಕವಿದಾಗ ಅದು ಶರಣಾಯಿತು. ಅದೇ ವರ್ಷ ರಾಜ್ಯವೇ ಪ್ರಷ್ಯಾದ ಒಂದು ಪ್ರಾಂತ್ಯವಾಯಿತು. ಗೆದ್ದ ಯುದ್ಧಭೂಮಿಯಿಂದ ಬರಿಗೈಯಲ್ಲಿ ಮನೆಗೆ ನಡೆದ ಆ ಸೈನಿಕರನ್ನು ನೆನೆದರೆ ಇಂದಿಗೂ ಕರುಳು ಹಿಂಡುತ್ತದೆ.

33 ವರ್ಷಗಳ ನಂತರ, 1899ರಲ್ಲಿ, ಕೈಸರ್ ಎರಡನೇ ವಿಲ್ಹೆಲ್ಮ್ ಹಳೆಯ ಹ್ಯಾನೋವರ್ ಸೈನ್ಯದ ಪರಂಪರೆಯನ್ನು ಆ ಪ್ರಾಂತ್ಯದ ಪ್ರಷ್ಯನ್ ರೆಜಿಮೆಂಟುಗಳಿಗೆ ವಹಿಸಿದ. 1901ರಲ್ಲಿ ‘ಗಿಬ್ರಾಲ್ಟರ್’ ಎಂದು ಬರೆದ ತಿಳಿನೀಲಿ ತೋಳಪಟ್ಟಿ ಮರಳಿ ಬಂತು. ಕೈಸರ್‌ಗೆ ಇದು ರಾಜಕೀಯ ಲೆಕ್ಕಾಚಾರವಿದ್ದೀತು. ಆದರೆ ಅದನ್ನು ತೊಟ್ಟವರಲ್ಲಿ ಬಹಳಷ್ಟು ಮಂದಿ ಹ್ಯಾನೋವರ್ ನೆಲದ ಮಕ್ಕಳು. ಅಜ್ಜಂದಿರ ಗೌರವದ ಮೇಲೆ ಅವರಿಗೆ ಹಕ್ಕಿತ್ತು ಎಂದೇ ನನ್ನ ಅಭಿಪ್ರಾಯ.

1914ರಲ್ಲಿ ಯುದ್ಧ ಬಂದಾಗ, ಬ್ರಿಟಿಷರಿಗಾಗಿ ಕಾದಿ ಗಳಿಸಿದ ಆ ಹೆಸರನ್ನು ತೋಳಿನಲ್ಲಿ ಹೊತ್ತು, ಆ ರೆಜಿಮೆಂಟುಗಳಲ್ಲೊಂದಾದ 73ನೇ ರೆಜಿಮೆಂಟ್ ಬ್ರಿಟಿಷರ ಎದುರೇ ಕಂದಕಕ್ಕಿಳಿಯಿತು. ಮುಂದೆ ಲೇಖಕನಾಗಿ ಹೆಸರಾದ ಎರ್ನ್ಸ್ಟ್ ಯೂಂಗರ್ ಅದರ ಯುವ ಅಧಿಕಾರಿ. 1917ರ ಜೂನ್‌ನಲ್ಲಿ ಉತ್ತರ ಫ್ರಾನ್ಸಿನಲ್ಲಿ ಅವನ ತುಕಡಿಗೆ ಎದುರಾದವರು ಭಾರತೀಯ ಸೈನಿಕರು. ಅವನ ಯುದ್ಧಕಥನದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಯುದ್ಧ ಸೋತ ಮೇಲೆ ರೆಜಿಮೆಂಟ್ ವಿಸರ್ಜನೆಯಾಯಿತು. ಯೂಂಗರ್ ತೀರಿಕೊಂಡದ್ದು 1998ರಲ್ಲಿ, 102ನೇ ವಯಸ್ಸಿನಲ್ಲಿ.