ಬೆಂಗಳೂರಿನ ಟ್ರೋಜನ್ಸ್: ಒಂದು ಅಲ್ಪಾಯು ಗಾಯಕವೃಂದ

ಮಲಪ್ರಭೆಯು ಗುಡ್ಡಗಳನ್ನು ಸೀಳಿ ಹರಿಯುವ ನವಿಲುತೀರ್ಥದ ಸುತ್ತಣ ಸೀಮೆಯಲ್ಲಿ ಬೆಳೆದು, ಯಲ್ಲಮ್ಮನ ಗುಡ್ಡದ ಚೌಡಿಕೆ ಮೇಳವನ್ನು ಬಾಲ್ಯದಿಂದ ಕೇಳಿ ಬಲ್ಲವರಿಗೆ, ಮೂರು ನಾಲ್ಕು ಮಂದಿ ತಾವೇ ನುಡಿಸುತ್ತ ತಾವೇ ಹಾಡುತ್ತ ನೆರೆದ ಜನಸ್ತೋಮವನ್ನೆಲ್ಲ ತಲೆದೂಗಿಸಬಲ್ಲರೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ ರಾಕ್ ಅಂಡ್ ರೋಲ್ ವೃಂದಗಳ ರಚನೆಯೂ ಇಂಥದೇ ಆಗಿದ್ದಿತು. ಅವುಗಳಲ್ಲಿ ಅನೇಕಕ್ಕೆ ಆಯುಷ್ಯವೂ ಸ್ವಲ್ಪವೇ. ಟೆಕ್ಸಾಸಿನ ಕ್ರಿಕೆಟ್ಸ್ ವೃಂದವು 1957ರಲ್ಲಿ ಕೀರ್ತಿಗೆ ಬಂದು ಎರಡು ವರ್ಷ ತುಂಬುವುದರೊಳಗೆ ಅದರ ನಾಯಕ ಬಡ್ಡಿ ಹಾಲಿಯು ಬೇರೆಯಾದನು. 1959ರ ಫೆಬ್ರುವರಿಯಲ್ಲಿ ವಿಮಾನಾಪಘಾತದಲ್ಲಿ ಮಡಿದಾಗ ಅವನಿಗೆ ಇಪ್ಪತ್ತೆರಡೇ ವರ್ಷ.

ಅಂತಹ ಅಲ್ಪಾಯುವಾದ ವೃಂದವೊಂದು 1960ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಹುಟ್ಟಿತ್ತು. ಕೊಡವ ಮನೆತನದ ತರುಣ ಬಿದ್ದು ಅಪ್ಪಯ್ಯನವರು ಇಬ್ಬರು ಗೆಳೆಯರನ್ನು ಕೂಡಿಕೊಂಡು ಕಟ್ಟಿದ ಆ ತಂಡದ ಹೆಸರು ಟ್ರೋಜನ್ಸ್. ಈ ಸಂಗೀತವನ್ನು ಕಲಿಸಲು ಅವರಿಗೆ ಗುರುಕುಲವಿರಲಿಲ್ಲ. ಇದ್ದುದು ಕೊಲಂಬೊದ ರೇಡಿಯೋ ಸಿಲೋನ್. ಆಕಾಶವಾಣಿಯು 1952ರ ಸುಮಾರಿಗೆ ಚಿತ್ರಗೀತೆಗಳನ್ನು ದೂರವಿರಿಸಿದ ಬಳಿಕ ದೇಶದ ಕೇಳುಗರು ಹಿಂಡುಹಿಂಡಾಗಿ ಕೊಲಂಬೊ ಕಡೆಗೆ ಕಿವಿಗೊಟ್ಟರಷ್ಟೆ. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರದ ಗಾಯನವನ್ನು ಸವಿಯುತ್ತಿದ್ದ ನಮ್ಮ ಸೀಮೆಯ ಮನೆಗಳಲ್ಲಿಯೂ ಬುಧವಾರ ರಾತ್ರಿ ಬಿನಾಕಾ ಗೀತಮಾಲೆಯೆಂಬ ಚಿತ್ರಗೀತೆಗಳ ಕಾರ್ಯಕ್ರಮಕ್ಕಾಗಿ ರೇಡಿಯೋದ ಮುಳ್ಳು ಅತ್ತ ಸರಿಯುತ್ತಿತ್ತು. ಅದೇ ಸಿಲೋನ್ ನಿಲಯದ ಇಂಗ್ಲಿಷು ಹಾಡುಗಳನ್ನು ಮನನ ಮಾಡಿಕೊಂಡು, ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಮೊದಲಾದವರ ಗೀತಗಳನ್ನು ಕ್ಲಬ್ಬುಗಳಲ್ಲಿ ಹಾಡುತ್ತ ಈ ಮೂವರು ಹೆಸರು ಗಳಿಸಿದರು. ಶ್ರವಣಮಾತ್ರದಿಂದ ಸಂಪಾದಿಸಿದ ಆ ವಿದ್ಯೆಯನ್ನು ಬರಿಯ ಅನುಕರಣವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಕೇಳಿ ಕಲಿಯುವುದು ನಮ್ಮ ಸಂಗೀತಪರಂಪರೆಗೆ ಅಪರಿಚಿತವಾದ ಮಾರ್ಗವೇನೂ ಅಲ್ಲವಲ್ಲ!

ಕಾಲಕ್ರಮದಲ್ಲಿ ಇಬ್ಬರು ಗೆಳೆಯರೂ ತಂಡವನ್ನು ಬಿಟ್ಟರು. ನಾಯಕನು ಬೇರೊಂದು ತಂಡವನ್ನು ಕಟ್ಟಲಿಲ್ಲ, ಹಳೆಯ ಹೆಸರನ್ನು ತೊರೆಯಲೂ ಇಲ್ಲ. ‘ಲೋನ್ ಟ್ರೋಜನ್’, ಎಂದರೆ ಒಂಟಿ ಟ್ರೋಜನ್ ಎಂಬ ಅಭಿಧಾನವನ್ನು ಧರಿಸಿ ಮುಂಬಯಿಯಲ್ಲಿ ಏಕಾಕಿಯಾಗಿ ಹಾಡತೊಡಗಿದರು. ಅಗಲಿದ ಮಿತ್ರರ ಪಾಲನ್ನು ಹೆಸರಿನಲ್ಲಿಯಾದರೂ ಉಳಿಸಿಕೊಂಡ ಈ ನಿಷ್ಠೆಯು ನನಗೆ ಅವರ ಮುಂದಿನ ವಿಜಯಗಳಿಗಿಂತಲೂ ಪ್ರಿಯವಾದುದು.

ಆ ವಿಜಯಗಳಾದರೋ ಲೋಕವಿದಿತವಾದವು. 1967ರಲ್ಲಿ ಇಂಗ್ಲೆಂಡನ್ನು ಸೇರಿದ ಅಪ್ಪಯ್ಯನವರು, ಗ್ರಾಮಫೋನು ತಟ್ಟೆಯ ಹಿಂಬದಿಗೆಂದು ಅವಸರದಲ್ಲಿ ಮುದ್ರಿಸಿಕೊಂಡ, ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಗೀತವು 1974ರಲ್ಲಿ ಬ್ರಿಟನ್ ಅಮೆರಿಕಗಳೆರಡರಲ್ಲಿಯೂ ಅಗ್ರಸ್ಥಾನವನ್ನೇರಿತು. 1980ರ ‘ಕುರ್ಬಾನಿ’ ಹಿಂದೀ ಚಿತ್ರದಲ್ಲಿ ಬಾಲಿಕೆ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ ಅವರದೇ ರಚನೆ. ಆದರೆ ಬೆಂಗಳೂರಿನ ಆ ಮೂವರ ಗಾಯನವನ್ನು ಎದುರಿಗೆ ಕುಳಿತು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರು; ಅವರ ಸ್ಮರಣೆಗಳನ್ನು ಸಂಗ್ರಹಿಸುವ ಕಾರ್ಯವನ್ನು ನಮ್ಮ ಸಂಗೀತೇತಿಹಾಸಕಾರರು ವಿಳಂಬವಿಲ್ಲದೆ ಕೈಕೊಳ್ಳಬೇಕು.