ಟ್ಯಾಬ್ಲೆಟ್ಟಿನ ವೇಗವೂ ಕೊಳ್ಳುವವರ ಲೆಕ್ಕವೂ

"ಟ್ಯಾಬ್ಲೆಟ್ ಬಹಳ ನಿಧಾನವಾಗಿದೆ, ಇದಕ್ಕಿಂತ ವೇಗವಾದ ಹೊಸದೊಂದನ್ನು ಕೊಳ್ಳಬಹುದೇ?" ಎಂಬ ಪ್ರಶ್ನೆ ಈಗ ಕಾಲೇಜುಗಳಲ್ಲಿ ಸಾಮಾನ್ಯವಾಗಿದೆ. 2021ರ ಜೂನ್ ತಿಂಗಳಲ್ಲಿ, ಕೋವಿಡ್ ಪಿಡುಗಿನಿಂದ ತರಗತಿಗಳು ಮುಚ್ಚಿದ್ದಾಗ, ಕರ್ನಾಟಕ ಸರ್ಕಾರವು ಸರ್ಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯವನ್ನು ಆರಂಭಿಸಿತು. ಅಂದು ಹಂಚಿದವೂ, ಅದೇ ಕಾಲದಲ್ಲಿ ತಂದೆತಾಯಿಗಳು ಅಂಗಡಿಯಿಂದ ಕೊಂಡು ತಂದವೂ ಇಂದು ಹಳೆಯವೆನಿಸಿವೆ. ಅಕ್ಕನ ಕೈಯಿಂದ ತಮ್ಮನ ಕೈಗೆ ದಾಟಿದ ಇಂತಹ ಟ್ಯಾಬ್ಲೆಟ್ಟುಗಳು ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಅಪರೂಪವೇನೂ ಅಲ್ಲ.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದರ ಬೆಲೆ ಸಣ್ಣದಲ್ಲ. 2024-25ನೇ ಸಾಲಿನಲ್ಲಿ ತೊಗರಿಗೆ ಕೇಂದ್ರ ಸರ್ಕಾರವು ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಆ ಲೆಕ್ಕದಲ್ಲಿ 15,000 ರೂಪಾಯಿಯ ಟ್ಯಾಬ್ಲೆಟ್ ಎಂದರೆ ಸುಮಾರು ಎರಡು ಕ್ವಿಂಟಲ್ ತೊಗರಿ. ಮಳೆ ಕೈಕೊಟ್ಟ ವರ್ಷ ಎರಡು ಕ್ವಿಂಟಲೆಂದರೆ ಎಷ್ಟು ಎಂಬುದನ್ನು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಈ ಹಣವನ್ನು ತೆರುವ ಮುನ್ನ ಅದರಿಂದ ದೊರೆಯುವ ವೇಗವು ಎಂತಹದು ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ವೇಗವೆಂಬುದು ಒಂದೇ ವಸ್ತುವಲ್ಲ

ಟ್ಯಾಬ್ಲೆಟ್ಟಿನಲ್ಲಿ ಒಂದು ಪಾಠವನ್ನು ತೆರೆಯಲು ನಾವು ಬೆರಳಿಟ್ಟಾಗ ಹಲವು ಕೆಲಸಗಳು ಒಂದರ ಹಿಂದೊಂದು ನಡೆಯುತ್ತವೆ. ಮಾಹಿತಿಯು ಜಾಲದ ಮೂಲಕ ದೂರದಿಂದ ಬರಬೇಕು, ಇಲ್ಲವೇ ಒಳಗಿನ ಸಂಗ್ರಹದಿಂದ ಹೊರಬರಬೇಕು. ರ್‍ಯಾಮ್ ಎಂಬ ತಾತ್ಕಾಲಿಕ ಸ್ಮರಣೆಯಲ್ಲಿ ಅದಕ್ಕೆ ಸ್ಥಳ ದೊರೆಯಬೇಕು. ಪ್ರೊಸೆಸರ್ ಅದನ್ನು ಸಂಸ್ಕರಿಸಬೇಕು. ಕೊನೆಗೆ ಅದು ಪರದೆಯ ಮೇಲೆ ಮೂಡಬೇಕು. ನಾವು ಕಾಯುವ ಕಾಲವು ಈ ಎಲ್ಲ ಹಂತಗಳ ಕಾಲದ ಮೊತ್ತ. ಜಾಹೀರಾತು ಹೊಗಳುವುದು ಬಹುಮಟ್ಟಿಗೆ ಇವುಗಳಲ್ಲಿ ಒಂದನ್ನು ಮಾತ್ರ: ಪ್ರೊಸೆಸರನ್ನು.

ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವ ಪ್ರಯಾಣಿಕನನ್ನು ನೆನೆದುಕೊಳ್ಳೋಣ. ಯಾದಗಿರಿಯಿಂದ ಶಹಾಪುರಕ್ಕೆ ಒಂದು ಗಂಟೆ, ಶಹಾಪುರದ ನಿಲ್ದಾಣದಲ್ಲಿ ಕಾಯುವುದು ಅರ್ಧ ಗಂಟೆ, ಅಲ್ಲಿಂದ ಸುರಪುರಕ್ಕೆ ಅರ್ಧ ಗಂಟೆ ಎಂದಿಟ್ಟುಕೊಂಡರೆ, ಒಟ್ಟು ಎರಡು ಗಂಟೆ. ಈಗ ಶಹಾಪುರ-ಸುರಪುರ ಮಾರ್ಗದಲ್ಲಿ ಎರಡು ಪಟ್ಟು ವೇಗದ ಬಸ್ಸನ್ನು ಓಡಿಸಿದರೆ ಆತನಿಗೆ ಉಳಿಯುವುದು ಕಾಲು ಗಂಟೆ ಮಾತ್ರ. ಬಸ್ಸು ಎರಡು ಪಟ್ಟು ವೇಗದ್ದಾದರೂ ಪ್ರಯಾಣವು ಎರಡು ಗಂಟೆಯಿಂದ ಒಂದು ಮುಕ್ಕಾಲು ಗಂಟೆಗೆ ಇಳಿಯಿತು, ಅಷ್ಟೆ. ಆ ಬಸ್ಸು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುರಪುರ ಸೇರುವುದೆಂದು ಭಾವಿಸಿದರೂ ಒಂದೂವರೆ ಗಂಟೆಗಿಂತ ಕಡಿಮೆಯಾಗದು. ನಿಲ್ದಾಣದಲ್ಲಿ ಕಾಯುವ ಅರ್ಧ ಗಂಟೆಯನ್ನು ಯಾವ ಎಂಜಿನ್ನೂ ಕಿರಿದು ಮಾಡಲಾರದು.

ಗಣಕಯಂತ್ರಗಳ ವಿಷಯದಲ್ಲಿ ಇದೇ ತರ್ಕವನ್ನು 1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಇಂಜಿನಿಯರ್ ಮುಂದಿಟ್ಟನು. ಅದಕ್ಕೆ ಆಮ್ಡಾಲನ ನಿಯಮವೆಂದೇ ಹೆಸರು. ಕೆಲಸದ ಒಂದು ಭಾಗವನ್ನು ಮಾತ್ರ ಚುರುಕುಗೊಳಿಸಿದರೆ, ಒಟ್ಟು ಲಾಭವು ಆ ಭಾಗವು ತೆಗೆದುಕೊಳ್ಳುತ್ತಿದ್ದ ಕಾಲದ ಪಾಲನ್ನು ಮೀರಲಾರದು ಎಂಬುದು ಅದರ ತಾತ್ಪರ್ಯ. ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ "ಹೊಸದು ಎಷ್ಟು ವೇಗದ್ದು?" ಎಂಬುದಲ್ಲ, "ನನ್ನ ಕಾಲವು ಯಾವ ಹಂತದಲ್ಲಿ ವ್ಯಯವಾಗುತ್ತಿದೆ?" ಎಂಬುದು.

ಜಾಲದ ಹಂತ

90 ಮೆಗಾಬೈಟ್ ಗಾತ್ರದ ಒಂದು ಪಾಠದ ವಿಡಿಯೋವನ್ನು ಇಳಿಸಿಕೊಳ್ಳಬೇಕಾಗಿದೆ ಎನ್ನೋಣ. ಒಂದು ಬೈಟ್ ಎಂದರೆ ಎಂಟು ಬಿಟ್. ಆದುದರಿಂದ ಇದು 720 ಮೆಗಾಬಿಟ್. ಊರಿನಲ್ಲಿ ಸಂಕೇತವು ದುರ್ಬಲವಾಗಿದ್ದು ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಬರುತ್ತಿದ್ದರೆ 360 ಸೆಕೆಂಡು, ಅಂದರೆ ಆರು ನಿಮಿಷ ಬೇಕು. ಇಳಿದ ವಿಡಿಯೋವನ್ನು ತೆರೆಯಲು ಹಳೆಯ ಪ್ರೊಸೆಸರ್ 5 ಸೆಕೆಂಡು ತೆಗೆದುಕೊಂಡರೆ, ಎರಡು ಪಟ್ಟು ವೇಗದ ಹೊಸದು ಎರಡೂವರೆ ಸೆಕೆಂಡು ತೆಗೆದುಕೊಂಡೀತು. 365 ಸೆಕೆಂಡಿನಲ್ಲಿ ಉಳಿದದ್ದು ಎರಡೂವರೆ ಸೆಕೆಂಡು.

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಈ ಮಾತು ಬೇಗ ಅರ್ಥವಾದೀತು. ಮೇಲಿನಿಂದ ನೀರೇ ಸಾಕಷ್ಟು ಬರದಿದ್ದಾಗ ತಮ್ಮ ಹೊಲಗಾಲುವೆಯನ್ನು ಎಷ್ಟು ಅಗಲ ಮಾಡಿದರೂ ಭತ್ತದ ಗದ್ದೆ ತುಂಬದು. ಆದರೆ ಒಂದು ವಿನಾಯಿತಿಯನ್ನು ಹೇಳಲೇಬೇಕು. ಹಳೆಯ ಟ್ಯಾಬ್ಲೆಟ್ 4ಜಿ ತರಂಗಗಳನ್ನು ಮಾತ್ರ ಹಿಡಿಯಬಲ್ಲುದಾಗಿದ್ದು, ನಮ್ಮ ಊರಿನಲ್ಲಿ 5ಜಿ ಸೇವೆ ಚೆನ್ನಾಗಿ ದೊರೆಯುತ್ತಿದ್ದರೆ, ಆಗ ಹೊಸ ಟ್ಯಾಬ್ಲೆಟ್ ಈ ಹಂತವನ್ನೂ ಚುರುಕುಗೊಳಿಸಬಹುದು. ಅದನ್ನು ತಿಳಿಯಲು ಕೊಳ್ಳಬೇಕಾಗಿಲ್ಲ. ಅದೇ ಸ್ಥಳದಲ್ಲಿ ಗೆಳೆಯರ ಹೊಸ ಫೋನಿನಲ್ಲಿ ಅದೇ ವಿಡಿಯೋವನ್ನು ಇಳಿಸಿ ನೋಡಿದರೆ ಸಾಕು.

ಸಂಗ್ರಹ ಮತ್ತು ಸ್ಮರಣೆ

ರ್‍ಯಾಮ್ ಎಂಬುದು ಓದುವ ಮೇಜಿನಂತೆ. ಶಾಶ್ವತ ಸಂಗ್ರಹವು ಗೋಡೆಯ ಕಪಾಟಿನಂತೆ. ಮೇಜು ಕಿರಿದಾಗಿದ್ದರೆ ಒಂದು ಪುಸ್ತಕವನ್ನು ತೆರೆಯಲು ಇನ್ನೊಂದನ್ನು ಕಪಾಟಿಗೆ ಸೇರಿಸಬೇಕಾಗುತ್ತದೆ. ಪಾಠದಿಂದ ಟಿಪ್ಪಣಿಗೆ ಹೋಗಿ ಮರಳಿ ಬಂದಾಗ ಪಾಠವು ಮೊದಲಿನಿಂದ ತೆರೆದುಕೊಳ್ಳುತ್ತಿದ್ದರೆ, ಕೊರತೆ ಬಹುಶಃ ಮೇಜಿನದು. ಟ್ಯಾಬ್ಲೆಟ್ಟಿನ ರ್‍ಯಾಮನ್ನು ಹೆಚ್ಚಿಸಲು ಸಾಮಾನ್ಯವಾಗಿ ದಾರಿಯಿಲ್ಲ. ಅನಗತ್ಯವಾದ ಆ್ಯಪ್‌ಗಳನ್ನು ತೆಗೆದುಹಾಕಿ ಹೊರೆಯನ್ನು ಇಳಿಸಬಹುದು, ಅಷ್ಟೆ.

ಕಪಾಟಿನ ಸ್ವಭಾವವು ಬೇರೆ. ಟ್ಯಾಬ್ಲೆಟ್ಟಿನ ಸಂಗ್ರಹವು ಫ್ಲ್ಯಾಶ್ ಸ್ಮರಣೆ ಎಂಬ ಬಗೆಯದು. ಇದರಲ್ಲಿ ಬರೆದುದರ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಒಂದು ಇಡೀ ಖಂಡವನ್ನು ಅಳಿಸಬೇಕು. ಪಾಟಿಯ ಮೇಲೆ ಒಂದು ಸಾಲನ್ನು ತಿದ್ದಲು ಉಳಿದ ಸಾಲುಗಳನ್ನೆಲ್ಲ ಇನ್ನೊಂದು ಪಾಟಿಗೆ ಇಳಿಸಿಕೊಂಡು, ಮೊದಲಿನದನ್ನು ಪೂರ್ತಿ ಒರೆಸಿದಂತೆ. ಖಾಲಿ ಪಾಟಿಗಳು ಸಾಕಷ್ಟಿದ್ದರೆ ಈ ಕೆಲಸ ನಮ್ಮ ಗಮನಕ್ಕೆ ಬಾರದೆ ಸಾಗುತ್ತದೆ. ಸಂಗ್ರಹವು ತುಂಬಿ ತುಳುಕುತ್ತಿದ್ದರೆ ಪ್ರತಿ ಬರವಣಿಗೆಗೂ ಅಳಿಸುವ ಕೆಲಸ ಅಡ್ಡ ಬರುತ್ತದೆ. ಇಂತಹ ಟ್ಯಾಬ್ಲೆಟ್ಟಿನಲ್ಲಿ ಹಳೆಯ ವಿಡಿಯೋಗಳನ್ನು ತೆಗೆದು ಐದನೆಯ ಒಂದು ಭಾಗದಷ್ಟು ಜಾಗವನ್ನು ಬಿಡಿಸಿದರೆ, ಕಾಸೂ ಖರ್ಚಿಲ್ಲದೆ ಕಳೆದುಹೋದ ಚುರುಕು ಬಹುಮಟ್ಟಿಗೆ ಮರಳಬಹುದು.

ಬ್ಯಾಟರಿಯ ಮುಪ್ಪು

ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಎರಡು ಬದಲಾವಣೆಗಳಾಗುತ್ತವೆ. ಅದು ಹಿಡಿಯುವ ವಿದ್ಯುದಂಶ ಕಡಿಮೆಯಾಗುತ್ತದೆ. ಅದರ ಆಂತರಿಕ ರೋಧ ಹೆಚ್ಚುತ್ತದೆ. ಎರಡನೆಯದು ಹೊರಗೆ ಕಾಣದು. 3.7 ವೋಲ್ಟಿನ ಬ್ಯಾಟರಿಯಿಂದ ಪ್ರೊಸೆಸರ್ ಒಮ್ಮೆಲೆ 3 ಆಂಪಿಯರ್ ಎಳೆಯಿತೆಂದು ಭಾವಿಸೋಣ. ಹೊಸ ಬ್ಯಾಟರಿಯ ಆಂತರಿಕ ರೋಧ 0.1 ಓಮ್ ಆಗಿದ್ದರೆ, ಓಮನ ನಿಯಮದಂತೆ ಒಳಗೇ ಕಳೆದುಹೋಗುವುದು 0.3 ವೋಲ್ಟ್, ಹೊರಗೆ 3.4 ವೋಲ್ಟ್ ಉಳಿಯುತ್ತದೆ. ರೋಧವು 0.3 ಓಮಿಗೆ ಏರಿದರೆ 0.9 ವೋಲ್ಟ್ ಒಳಗೇ ಹೋಗಿ, ಹೊರಗೆ ಉಳಿಯುವುದು 2.8 ವೋಲ್ಟ್. ಇಷ್ಟು ಕುಗ್ಗಿದ ವಿಭವಾಂತರದಲ್ಲಿ ಉಪಕರಣವು ತಟಕ್ಕನೆ ಆರಿಹೋಗಬಹುದು.

2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯು, ಬ್ಯಾಟರಿ ಮುಪ್ಪಾದ ಕೆಲವು ಐಫೋನುಗಳು ಹೀಗೆ ಆರಿಹೋಗದಿರಲೆಂದು ಅವುಗಳ ಗರಿಷ್ಠ ವೇಗವನ್ನು ತಂತ್ರಾಂಶದ ಮೂಲಕ ಇಳಿಸಿದುದನ್ನು ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದಾಗ ಅಂತಹ ಫೋನುಗಳು ಮೊದಲಿನ ವೇಗಕ್ಕೆ ಮರಳಿದವು. ಪ್ರೊಸೆಸರ್ ಹಳತಾಯಿತೆಂದು ಹಲವರು ತಿಳಿದಿದ್ದರೂ, ನಿಜವಾಗಿ ಹಳತಾಗಿದ್ದುದು ಬ್ಯಾಟರಿ. ಟ್ಯಾಬ್ಲೆಟ್ 30 ಅಥವಾ 40 ಶೇಕಡಾ ತೋರಿಸುತ್ತಿರುವಾಗಲೇ ಆರಿಹೋಗುತ್ತಿದ್ದರೆ, ಹೊಸ ಟ್ಯಾಬ್ಲೆಟ್ಟಿನ ಬೆಲೆಗೆ ಮೊದಲು ಹೊಸ ಬ್ಯಾಟರಿಯ ಬೆಲೆಯನ್ನು ವಿಚಾರಿಸುವುದು ವಿವೇಕ.

ಪ್ರೊಸೆಸರಿನ ಎಣಿಕೆ

ಪ್ರೊಸೆಸರಿನ ವೇಗವನ್ನು ಹರ್ಟ್ಸ್‌ಗಳಲ್ಲಿ ಹೇಳುವುದು ವಾಡಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರರೂ ಸೇರಿ ರೂಪಿಸಿ 2001ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್ ಎಂಬ ಅಂಗೈ ಗಣಕದ್ದು 206 ಮೆಗಾಹರ್ಟ್ಸ್. ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರವು 2011ರ ಅಕ್ಟೋಬರಿನಲ್ಲಿ ಹೊರತಂದ ಆಕಾಶ್ ಟ್ಯಾಬ್ಲೆಟ್ಟಿನದು 366 ಮೆಗಾಹರ್ಟ್ಸ್. ಅದು ಬಹಳ ನಿಧಾನವೆಂಬ ಟೀಕೆ ಕೇಳಿಬಂದು, 2012ರ ನವೆಂಬರಿನಲ್ಲಿ ಬಂದ ಎರಡನೆಯ ಆಕಾಶಕ್ಕೆ 1 ಗಿಗಾಹರ್ಟ್ಸಿನ ಪ್ರೊಸೆಸರ್ ದೊರೆಯಿತು. ಆದರೆ ಬದಲಾದುದು ಅದೊಂದೇ ಅಲ್ಲ. ರ್‍ಯಾಮ್ 256ರಿಂದ 512 ಮೆಗಾಬೈಟಿಗೆ ಏರಿತು; ಬೆರಳಿನ ಒತ್ತಡದಿಂದ ಕೆಲಸ ಮಾಡುತ್ತಿದ್ದ ಪರದೆಯ ಬದಲು ಬೆರಳಿನ ಸ್ಪರ್ಶಮಾತ್ರವನ್ನು ವಿದ್ಯುತ್ತಿನಿಂದ ಗುರುತಿಸುವ ಪರದೆ ಬಂದಿತು. ಮೇಲ್ದರ್ಜೆಗೆ ಏರಿಸುವುದೆಂದರೆ ಇದು: ಕಿರಿದಾದ ಹಂತಗಳನ್ನೆಲ್ಲ ಕೂಡಿಯೇ ಹಿಗ್ಗಿಸುವುದು.

ಯಾದಗಿರಿಯ ಬಿಸಿಲು

ವೇಗಕ್ಕೆ ಬೆಲೆಯುಂಟು, ಆ ಬೆಲೆಯನ್ನು ಶಾಖದ ರೂಪದಲ್ಲಿ ತೆರಬೇಕು. ಪ್ರೊಸೆಸರ್ ವ್ಯಯಿಸುವ ವಿದ್ಯುತ್ ಸಾಮರ್ಥ್ಯವು ಸ್ಥೂಲವಾಗಿ ಅದರ ಆವರ್ತಾಂಕಕ್ಕೂ ವಿಭವಾಂತರದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತಾಂಕವನ್ನು ಒಂದೂವರೆ ಪಟ್ಟು ಏರಿಸಲು ವಿಭವಾಂತರವನ್ನು 1.2 ಪಟ್ಟು ಏರಿಸಬೇಕಾಯಿತೆಂದರೆ, ಶಾಖವು 1.5 × 1.44, ಅಂದರೆ ಎರಡು ಪಟ್ಟಿಗೂ ಮಿಕ್ಕುತ್ತದೆ.

ಟ್ಯಾಬ್ಲೆಟ್ಟಿನೊಳಗೆ ಸಾಮಾನ್ಯವಾಗಿ ಬೀಸಣಿಗೆ ಇರುವುದಿಲ್ಲ. ಮೈಯ ಮೂಲಕವೇ ಶಾಖವು ಹೊರಹೋಗಬೇಕು. ನ್ಯೂಟನ್ನನ ಶೀತಲೀಕರಣ ನಿಯಮದಂತೆ, ಹೊರಹೋಗುವ ಶಾಖವು ಮೈಯ ಉಷ್ಣತೆಗೂ ಸುತ್ತಲಿನ ಗಾಳಿಯ ಉಷ್ಣತೆಗೂ ಇರುವ ಅಂತರವನ್ನು ಅವಲಂಬಿಸಿದೆ. ಮೈಯ ಉಷ್ಣತೆ 45 ಡಿಗ್ರಿಯನ್ನು ಮೀರಬಾರದೆಂದು ತಯಾರಕನು ಮಿತಿಯಿಟ್ಟಿದ್ದಾನೆನ್ನೋಣ. 25 ಡಿಗ್ರಿಯ ಕೋಣೆಯಲ್ಲಿ ಅಂತರ 20 ಡಿಗ್ರಿ. ನಮ್ಮಲ್ಲಿ ಬೇಸಗೆಯ ನಡುಹಗಲಿನಲ್ಲಿ 40 ಡಿಗ್ರಿ ಅಪರೂಪವಲ್ಲ. ಆಗ ಅಂತರ 5 ಡಿಗ್ರಿ. ಹೊರಗೆ ಹೋಗಬಲ್ಲ ಶಾಖ ಕಾಲುಭಾಗಕ್ಕೆ ಇಳಿಯಿತು! ಮಿತಿ ಮೀರದಿರಲು ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಂಪಾದ ಅಂಗಡಿಯಲ್ಲಿ ಎರಡು ನಿಮಿಷ ಓಡಿಸಿ ಮೆಚ್ಚಿದ ವೇಗವು ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಯ ಪಾಠದಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಹೊಸ ಚಿಪ್ ಅದೇ ಕೆಲಸವನ್ನು ಕಡಿಮೆ ಶಕ್ತಿಯಲ್ಲಿ ಮಾಡಬಲ್ಲುದಾದರೆ ನಿಜವಾಗಿಯೂ ಲಾಭವುಂಟು; ಬರಿಯ ಹರ್ಟ್ಸ್ ಹೆಚ್ಚಿದ್ದರೆ ಈ ಸೀಮೆಯಲ್ಲಿ ಆ ಲಾಭದ ಬಹುಪಾಲು ಶಾಖಕ್ಕೇ ಸಲ್ಲುತ್ತದೆ. ಹಳೆಯ ಟ್ಯಾಬ್ಲೆಟ್ಟನ್ನೂ ದಪ್ಪ ರಬ್ಬರಿನ ಹೊದಿಕೆಯಿಂದ ಬಿಡಿಸಿ, ನೆರಳಿನಲ್ಲಿಟ್ಟು, ಚಾರ್ಜಿಗೆ ಹಾಕಿದಾಗ ಬಳಸದೆ ಇದ್ದರೆ, ಅದರ ವೇಗವೂ ಬ್ಯಾಟರಿಯ ಆಯುಷ್ಯವೂ ಉಳಿಯುತ್ತವೆ.

ಒಂದು ಪ್ರಯೋಗ

ಭೌತಶಾಸ್ತ್ರದ ಪ್ರಯೋಗಶಾಲೆಯ ಮೊದಲ ನಿಯಮವೆಂದರೆ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಅದೇ ನಿಯಮದಂತೆ, ಗಡಿಯಾರವನ್ನು ಹಿಡಿದು ಈ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ತಾವೇ ಮಾಡಬಹುದು. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು.

ಮೊದಲನೆಯದಾಗಿ, ಒಂದೇ ವಿಡಿಯೋವನ್ನು ಜಾಲದಿಂದಲೂ, ಮೊದಲೇ ಇಳಿಸಿಟ್ಟುಕೊಂಡ ಪ್ರತಿಯಿಂದಲೂ ತೆರೆದು ನೋಡಬೇಕು. ಎರಡನೆಯದು ಚುರುಕಾಗಿದ್ದರೆ ದೋಷ ಜಾಲದ್ದು. ಎರಡನೆಯದಾಗಿ, ಒಳಗಿರುವ ದೊಡ್ಡ ಪುಸ್ತಕವೊಂದನ್ನು ಸಂಗ್ರಹವು ತುಂಬಿರುವಾಗಲೂ, ಜಾಗ ಬಿಡಿಸಿ ಟ್ಯಾಬ್ಲೆಟ್ಟನ್ನು ಆರಿಸಿ ಹೊತ್ತಿಸಿದ ಮೇಲೂ ತೆರೆಯಬೇಕು. ಮೂರನೆಯದಾಗಿ, ಅದೇ ಕೆಲಸವನ್ನು ಬೆಳಗಿನ ಆರು ಗಂಟೆಗೂ ಮಧ್ಯಾಹ್ನದ ಎರಡು ಗಂಟೆಗೂ ಮಾಡಬೇಕು. ವ್ಯತ್ಯಾಸ ಕಂಡರೆ ಕಾರಣ ಶಾಖ. ನಾಲ್ಕನೆಯದಾಗಿ, ಬ್ಯಾಟರಿ ಪೂರ್ಣವಿರುವಾಗಲೂ ಕಾಲುಭಾಗಕ್ಕೆ ಇಳಿದಾಗಲೂ ಹೋಲಿಸಬೇಕು. ಈ ನಾಲ್ಕರಲ್ಲಿಯೂ ವ್ಯತ್ಯಾಸವೇ ಕಾಣದೆ, ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಸಮನೆ ನಿಧಾನವಾಗಿದ್ದರೆ, ಆಗ ಪ್ರೊಸೆಸರಿನ ಮೇಲೋ ರ್‍ಯಾಮಿನ ಮೇಲೋ ಸಂಶಯ ಪಡುವುದು ನ್ಯಾಯ.

ಯಾವಾಗ ಕೊಳ್ಳಬೇಕು?

ಹಳೆಯದನ್ನೇ ಕಡೆತನಕ ಹಿಡಿದಿರಬೇಕೆಂದು ನಾವು ಹೇಳುತ್ತಿಲ್ಲ. ವ್ಯಾಸಂಗಕ್ಕೆ ಅವಶ್ಯವಾದ ಆ್ಯಪ್ ಹಳೆಯ ಕಾರ್ಯವ್ಯವಸ್ಥೆಯಲ್ಲಿ ನಡೆಯದೇ ಹೋದರೆ ಕೊಳ್ಳಬೇಕಾಗುತ್ತದೆ. ತಯಾರಕರು ಸುರಕ್ಷತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸಿದ್ದರೆ, ಅಂತಹ ಟ್ಯಾಬ್ಲೆಟ್ಟಿನಲ್ಲಿ ಹಣದ ವ್ಯವಹಾರ ಮಾಡುವುದು ಕ್ಷೇಮವಲ್ಲ. ಪಾಠ ಓದಲು ಮಾತ್ರ ಅದನ್ನು ಬಳಸಬಹುದು. ಬ್ಯಾಟರಿ ಉಬ್ಬಿ ಬೆನ್ನು ಮೇಲೆದ್ದಿದ್ದರೆ ಆ ಕ್ಷಣವೇ ಬಳಕೆಯನ್ನು ನಿಲ್ಲಿಸಬೇಕು. ಅದಕ್ಕೆ ಬೆಂಕಿ ಹತ್ತುವ ಅಪಾಯವುಂಟು.

ಕೊಳ್ಳುವುದೇ ಆದರೆ ಅಂಗಡಿಯಲ್ಲಿ ಕೇಳಬೇಕಾದುದು ಹರ್ಟ್ಸ್ ಎಷ್ಟೆಂಬುದನ್ನಷ್ಟೇ ಅಲ್ಲ. ರ್‍ಯಾಮ್ ಎಷ್ಟು, ತಿದ್ದುಪಡಿಗಳು ಎಷ್ಟು ವರ್ಷ ಬರುತ್ತವೆ, ಬ್ಯಾಟರಿಯನ್ನು ಹತ್ತಿರದಲ್ಲಿ ಬದಲಿಸಿಕೊಡುವವರು ಇದ್ದಾರೆಯೇ ಎಂಬುದನ್ನೂ ಕೇಳಬೇಕು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳು ಫೋನು ಮತ್ತು ಟ್ಯಾಬ್ಲೆಟ್ಟುಗಳ ಬಿಡಿಭಾಗಗಳ ಪೂರೈಕೆ, ತಂತ್ರಾಂಶದ ತಿದ್ದುಪಡಿ ಇವುಗಳಿಗೆ ಕನಿಷ್ಠ ಅವಧಿಗಳನ್ನು ಗೊತ್ತುಪಡಿಸಿವೆ. 800 ಬಾರಿ ತುಂಬಿ ಬರಿದುಮಾಡಿದ ಮೇಲೂ ಬ್ಯಾಟರಿಯಲ್ಲಿ ಮೊದಲಿನ ಧಾರಣೆಯ ಶೇಕಡಾ 80 ಉಳಿದಿರಬೇಕೆಂದು ವಿಧಿಸಿವೆ. ಬಾಳಿಕೆಯೂ ವೇಗದಷ್ಟೇ ಅಳೆಯತಕ್ಕ ಗುಣವೆಂಬ ಅರಿವು ಹೀಗೆ ಕಾನೂನಿನ ರೂಪವನ್ನು ತಾಳುತ್ತಿದೆ. ಬಿಟ್ಟುಕೊಟ್ಟ ಹಳೆಯದನ್ನು ಕಸದ ಗುಂಡಿಗೆ ಎಸೆಯದೆ, 2023ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರುವಂತೆ ಮಾಡಬೇಕು.

ಒಟ್ಟಿನಲ್ಲಿ, ಅಳೆದು ನೋಡಿದವರು ಕೊಂಡರೂ ಲಾಭ, ಕೊಳ್ಳದಿದ್ದರೂ ಲಾಭ. ಎರಡು ಕ್ವಿಂಟಲ್ ತೊಗರಿಯನ್ನು ಬೆಳೆಯಲು ಮನೆಯವರಿಗೆ ಒಂದು ಹಂಗಾಮು ಬೇಕಾಯಿತು. ಅದನ್ನು ವ್ಯಯಿಸುವ ಮುನ್ನ ಗಡಿಯಾರ ಹಿಡಿದು ಒಂದು ದಿನವನ್ನು ಕಳೆಯುವುದು ಹೆಚ್ಚಿನ ಮಾತಲ್ಲ.